ಕೇಳಿ, ಹೇಳುತ್ತೇವೆ: ಗಟ್ಟಿ ಓದು, ಮನಸ್ಸಿನ ಓದು

ಶಾಲೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಮಕ್ಕಳ ಓದಿನ ಬಗೆಗಿನವೇ ಹೆಚ್ಚು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಗೊಂದಲ ಒಂದೇ: ಮಗು ಗಟ್ಟಿಯಾಗಿ ಓದಬೇಕೋ, ಬಾಯಿ ಮುಚ್ಚಿ ಓದಬೇಕೋ? ಏಳು ಪತ್ರ ಆಯ್ದು, ಓದು ಕಲಿಸುವ ಕೆಲಸ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ಮಗಳು ನಾಲ್ಕನೇ ತರಗತಿ. ಪಾಠವನ್ನು ಎಲ್ಲೂ ತಡವರಿಸದೆ ಗಡಗಡ ಓದುತ್ತಾಳೆ. ಶಾಲೆಯ ಅಕ್ಕೋರು ‘ಚೊಲೋ ಓದ್ತಾಳೆ’ ಅಂತಾರೆ. ಪುಸ್ತಕ ಮುಚ್ಚಿ ‘ಎಂತ ಓದಿದೆ ಹೇಳು’ ಅಂದರೆ ನನ್ನ ಮುಖ ನೋಡುತ್ತಾಳೆ. ಓದು ಬರುತ್ತದೋ ಇಲ್ಲವೋ?
— ಒಬ್ಬ ತಾಯಿ, ಶಿರಸಿ

ಅಕ್ಕೋರ ಮಾತೂ ಸುಳ್ಳಲ್ಲ, ನಿಮ್ಮ ಅನುಮಾನವೂ ಸುಳ್ಳಲ್ಲ. ಅವರು ನೋಡಿದ್ದು ಪದ ಗುರುತಿಸುವುದನ್ನು, ನೀವು ನೋಡಿದ್ದು ಗ್ರಹಿಕೆಯನ್ನು. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಗುಣಾಕಾರದ ಲೆಕ್ಕವಾಗಿ ಮುಂದಿಟ್ಟರು: ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬಂದದ್ದೇ ಓದಿನ ಗ್ರಹಿಕೆ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ.

ಇನ್ನೂ ಒಂದಿದೆ. ಗಟ್ಟಿಯಾಗಿ ಓದುವ ಮಗುವಿನ ಗಮನ ಉಚ್ಚಾರ, ದನಿ, ಎದುರು ಕೂತವರ ಮುಖ, ಇವಕ್ಕೆಲ್ಲ ಹಂಚಿಹೋಗಿರುತ್ತದೆ. ಅರ್ಥಕ್ಕೆ ಉಳಿಯುವುದು ಅದರ ಮಿಕ್ಕಿದ್ದು. ಹಾಗಾಗಿ ತೀರ್ಮಾನಕ್ಕೆ ಬರುವ ಮೊದಲು ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಅವಳು ಮೊದಲು ಓದಿರದ, ಸುಮಾರು 100 ಪದಗಳ, ಒಂದೇ ಮಟ್ಟದ ಮೂರು ತುಣುಕು ಆರಿಸಿಕೊಳ್ಳಿ. ಶಾಲೆಯ ಪಾಠ ಬೇಡ, ಅದು ಬಾಯಿಪಾಠವಾಗಿರುತ್ತದೆ. ಮೊದಲನೆಯದನ್ನು ಗಟ್ಟಿಯಾಗಿ ಓದಲಿ. ಎರಡನೆಯದನ್ನು ಮನಸ್ಸಿನಲ್ಲಿ ಓದಲಿ. ಮೂರನೆಯದನ್ನು ನೀವೇ ಓದಿ, ಅವಳು ಕೇಳಲಿ. ನಡುವೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ. ಪ್ರತಿ ಸಲ ಮೊದಲು ‘ಏನಾಯ್ತು ಹೇಳು’ ಎಂದು ಕೇಳಿ, ಆಮೇಲೆ ನಾಲ್ಕು ಪ್ರಶ್ನೆ.

ಕೇಳಿದ್ದೂ ತಲೆಗೆ ಹೋಗಿಲ್ಲವೆಂದರೆ ತೊಂದರೆ ಓದಿನದಲ್ಲ, ಪುಸ್ತಕದ ಭಾಷೆಯದು ಮತ್ತು ಪದಸಂಪತ್ತಿನದು. ಅಂಥ ಮಗುವಿಗೆ ಇನ್ನಷ್ಟು ಓದಿಸಿ ಫಲವಿಲ್ಲ; ಕತೆ ಹೇಳಬೇಕು, ಮಾತಾಡಿಸಬೇಕು. ಕೇಳಿದ್ದು ಅರ್ಥವಾಗಿ ಓದಿದ ಎರಡೂ ಆಗಲಿಲ್ಲವೆಂದರೆ ಪದ ಬಿಡಿಸುವುದರಲ್ಲೇ ಶಕ್ತಿ ಖರ್ಚಾಗುತ್ತಿದೆ, ಹೊರಗೆ ಸಲೀಸಾಗಿ ಕಂಡರೂ. ಮನಸ್ಸಿನಲ್ಲಿ ಓದಿದ್ದು ಅರ್ಥವಾಗಿ ಗಟ್ಟಿಯಾಗಿ ಓದಿದ್ದು ಆಗದಿದ್ದರೆ ಗಾಬರಿ ಬೇಡ. ಮೊದಲು ಮೌನವಾಗಿ ಒಮ್ಮೆ ಓದಿಸಿ, ಆಮೇಲೆ ಗಟ್ಟಿಯಾಗಿ ಓದಿಸಿದರೆ ಸಾಕು. ಇದಕ್ಕೆ ತಿರುಗಾ ಆದರೆ, ಎಂದರೆ ಗಟ್ಟಿಯಾಗಿ ಓದಿದಾಗ ಮಾತ್ರ ಅರ್ಥವಾದರೆ, ಮೌನವಾಗಿ ಓದುವಾಗ ಸಾಲು ಹಾರಿಸುತ್ತಿದ್ದಾಳೆ. ದನಿ ಕಣ್ಣನ್ನು ಸಾಲಿಗೆ ಕಟ್ಟಿಹಾಕುತ್ತದೆ, ದನಿ ಹೋದೊಡನೆ ಕಣ್ಣು ಓಡುತ್ತದೆ. ಸಾಲಿನ ಕೆಳಗೆ ಬೆರಳೋ ಪಟ್ಟಿಯೋ ಇಟ್ಟು ಓದಲಿ.

ಪ್ರಶ್ನೆ ಕೇಳುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಈ ವಾಕ್ಯ ನೋಡಿ: ‘ಮೋಡ ಕಟ್ಟಿದ್ದು ನೋಡಿ ಅಜ್ಜಿ ಅಂಗಳದಲ್ಲಿ ಹರಡಿದ್ದ ಅಡಿಕೆಯತ್ತ ಓಡಿದಳು.’ ‘ಅಡಿಕೆ ಎಲ್ಲಿ ಹರಡಿತ್ತು?’ ಎಂದರೆ ‘ಅಂಗಳದಲ್ಲಿ’ ಎಂದು ಏನೂ ಅರ್ಥವಾಗದ ಮಗುವೂ ಹೇಳೀತು, ಪ್ರಶ್ನೆಯ ಪದವನ್ನು ವಾಕ್ಯದಲ್ಲಿ ಹುಡುಕಿ ಪಕ್ಕದ್ದನ್ನು ಹೇಳಿದರಾಯಿತು. ‘ಅಜ್ಜಿ ಯಾಕೆ ಓಡಿದಳು?’ ಎಂದು ಕೇಳಿ. ‘ಮೋಡ ಕಟ್ಟಿತ್ತು’ ಎಂದರೆ ಅರ್ಧ ಉತ್ತರ. ‘ಕಟ್ಟಿದರೇನಾಯ್ತು?’ ಎಂದು ಬೆನ್ನು ಹತ್ತಿ. ಮಳೆ, ನೆನೆಯುವುದು, ಅಡಿಕೆ ಹಾಳಾಗುವುದು ಯಾವುದೂ ವಾಕ್ಯದಲ್ಲಿ ಇಲ್ಲ. ಅದನ್ನು ಮಗು ತಾನೇ ತರಬೇಕು. ನಾಲ್ಕರಲ್ಲಿ ಎರಡು ಪ್ರಶ್ನೆಯಾದರೂ ಹೀಗಿರಲಿ.

ಗಡಗಡ ಓದುವ ಮಗುವಿಗೆ ಮದ್ದು ನಿಲುಗಡೆ. ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿ ಕೊಡಿ: ‘ಮೋಡ ಕಟ್ಟಿದ್ದು ನೋಡಿ / ಅಜ್ಜಿ / ಅಂಗಳದಲ್ಲಿ ಹರಡಿದ್ದ ಅಡಿಕೆಯತ್ತ / ಓಡಿದಳು.’ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಲ್ಲಿಯವರೆಗಿನ ಎಲ್ಲವನ್ನೂ ಮಗು ತಲೆಯಲ್ಲಿ ಹಿಡಿದಿರಬೇಕು. ತುಂಡುಮಾಡಿಕೊಂಡರೆ ಹಿಡಿಯುವುದು ಸುಲಭ. ‘ಹರಡಿದ್ದ’ ಆದ ಮೇಲೆ ನಿಂತರೆ ಅದು ಯಾವುದಕ್ಕೆ ಸೇರಿದ್ದೆಂಬುದೇ ತಪ್ಪಿಹೋಗುತ್ತದೆ. ದಿನಕ್ಕೆ ಐದಾರು ವಾಕ್ಯ ಸಾಕು. ಎರಡು ವಾರದ ಮೇಲೆ ಗೆರೆಯನ್ನು ಅವಳೇ ಹಾಕಲಿ. ಗೆರೆ ಎಲ್ಲಿ ಬಿದ್ದಿದೆ ಎಂದು ನೋಡಿದರೆ ಅರ್ಥ ಎಲ್ಲಿಯವರೆಗೆ ಹೋಗಿದೆ ಎಂದು ಗೊತ್ತಾಗುತ್ತದೆ.

ನನ್ನ ತರಗತಿಯಲ್ಲಿ 28 ಮಕ್ಕಳು. ಕನ್ನಡ ಅವಧಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ನಿಲ್ಲಿಸಿ ಓದಿಸುತ್ತೇನೆ, ಉಳಿದವರು ಬೆರಳಿಟ್ಟು ನೋಡುತ್ತಾರೆ. ವರ್ಷದ ಕೊನೆಗೂ ಓದಲಾಗದವರು ಓದಲಾಗದವರಾಗಿಯೇ ಉಳಿಯುತ್ತಾರೆ. ಎಲ್ಲಿ ತಪ್ಪುತ್ತಿದೆ?
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಂಕೋಲಾ

ಲೆಕ್ಕ ಹಾಕಿ ನೋಡಿ, ಅಕ್ಕೋರೆ. 40 ನಿಮಿಷವನ್ನು 28ರಿಂದ ಭಾಗಿಸಿದರೆ ಒಬ್ಬರಿಗೆ ಒಂದೂವರೆ ನಿಮಿಷವೂ ಇಲ್ಲ. ಏಳುವುದು, ಕೂರುವುದು, ಸಾಲು ಹುಡುಕುವುದು ಕಳೆದರೆ ಒಂದು ನಿಮಿಷ. ಉಳಿದ 39 ನಿಮಿಷ ಬೆರಳು ಪುಟದ ಮೇಲೆ, ಮನಸ್ಸು ಹೊರಗೆ. ಜಾಣರು ತಮ್ಮ ಪಾಲಿಗೆ ಯಾವ ಪರಿಚ್ಛೇದ ಬರುತ್ತದೆಂದು ಎಣಿಸಿ ಅದನ್ನು ಮಾತ್ರ ಸಿದ್ಧಮಾಡಿಕೊಳ್ಳುತ್ತಾರೆ. ಓದಲಾಗದ ಮಗು 27 ಜನರ ಮುಂದೆ ತಡವರಿಸಿ, ನಾಳೆ ಹೊಟ್ಟೆನೋವಿನ ನೆಪ ಹೇಳುತ್ತದೆ. ಹಳೆಯ ರೂಢಿಗಳಲ್ಲಿ ಹೆಚ್ಚು ಸಮಯ ತಿಂದು ಕಡಿಮೆ ಕಲಿಸುವುದು ಇದೇ.

ಅದೇ 40 ನಿಮಿಷವನ್ನು ಹೀಗೆ ಬಳಸಿ. ಮೊದಲ ಎರಡು ನಿಮಿಷದಲ್ಲಿ ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆಯಿರಿ. ಪಾಠ ಓದಿದರಷ್ಟೇ ಉತ್ತರ ಸಿಗುವಂತಿರಲಿ. ನಾಲ್ಕು ನಿಮಿಷ ನಿಮ್ಮ ಆದರ್ಶ ವಾಚನ, ಮೊದಲ ಪರಿಚ್ಛೇದ ಮಾತ್ರ. ಏಳು ನಿಮಿಷ ಮೌನ ಓದು, ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು. ಪ್ರಶ್ನೆ ಕೊಡದೆ ಮೌನವಾಗಿ ಓದಲು ಹೇಳಿದರೆ ಅದು ಮೌನ ಮಾತ್ರ, ಓದಲ್ಲ. ಮುಂದಿನ ಏಳು ನಿಮಿಷ ಮಾತು. ಆಮೇಲೆ ಎಂಟು ನಿಮಿಷ ‘ಆ ಉತ್ತರ ಪುಸ್ತಕದಲ್ಲಿ ಎಲ್ಲಿದೆ? ಆ ವಾಕ್ಯ ಓದು’ ಎಂದು ಕೇಳಿ. ಆಗ ಗಟ್ಟಿ ಓದಿಗೊಂದು ಕಾರಣ ಇರುತ್ತದೆ. ಕೊನೆಯ ಹನ್ನೆರಡು ನಿಮಿಷ ಜೋಡಿ ಓದು.

ಜೋಡಿ ಕಟ್ಟುವುದರಲ್ಲಿ ಎಚ್ಚರ ಬೇಕು. ಅತಿ ಜಾಣನನ್ನು ಅತಿ ಹಿಂದಿರುವವನ ಜೊತೆ ಕೂರಿಸಿದರೆ ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ಅವಮಾನ. ಓದಿನ ಮಟ್ಟದಲ್ಲಿ 1ರಿಂದ 28ರವರೆಗೆ ಸಾಲು ಮಾಡಿ, ಸಾಲನ್ನು ನಡುವೆ ಮುರಿಯಿರಿ. 1ರ ಜೊತೆ 15, 2ರ ಜೊತೆ 16, ಹೀಗೆ 14ರ ಜೊತೆ 28. ಪಟ್ಟಿ ನಿಮ್ಮ ಡೈರಿಯಲ್ಲೇ ಇರಲಿ, ಗೋಡೆಯ ಮೇಲೆ ಬೇಡ. ಚೆನ್ನಾಗಿ ಓದುವವರು ಮೊದಲು ಐದು ನಿಮಿಷ ಓದಲಿ, ಅದೇ ಭಾಗವನ್ನು ಇನ್ನೊಬ್ಬರು ಐದು ನಿಮಿಷ ಓದಲಿ, ಕೊನೆಯ ಎರಡು ನಿಮಿಷ ಇಬ್ಬರೂ ಸೇರಿ ಏನು ಓದಿದೆವೆಂದು ಹೇಳಿಕೊಳ್ಳಲಿ. ತಡವರಿಸಿದಾಗ ಜೊತೆಗಾರ ಮನಸ್ಸಿನಲ್ಲಿ ನಾಲ್ಕು ಎಣಿಸಬೇಕು. ಆಗಲೂ ಬಾರದಿದ್ದರೆ ಪದ ಹೇಳಿಕೊಡಬೇಕು. ಓದುವವನು ಆ ವಾಕ್ಯವನ್ನು ಮೊದಲಿಂದ ಓದಬೇಕು. ಈ ಕೊನೆಯ ನಿಯಮವನ್ನು ಮಕ್ಕಳು ಬಿಟ್ಟುಬಿಡುತ್ತಾರೆ, ಆದರೆ ಅರ್ಥ ಮತ್ತೆ ಕೂಡಿಕೊಳ್ಳುವುದು ಅಲ್ಲೇ. ಸದ್ದು ಹೆಚ್ಚಾದರೆ ಭುಜಕ್ಕೆ ಭುಜ ತಾಗುವಂತೆ, ಇಬ್ಬರೂ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂರಿಸಿ. ಪಿಸುದನಿಯೂ ಕಿವಿಗೆ ಬೀಳುತ್ತದೆ.

ಆಷಾಢದ ಮಳೆ ತಗಡಿನ ಮೇಲೆ ಬೀಳುವ ದಿನ ಇದೆಲ್ಲ ನಡೆಯದು, ನಿಮ್ಮ ದನಿಯೇ ಮೂರನೇ ಸಾಲಿಗೆ ಮುಟ್ಟುವುದಿಲ್ಲ. ಅಂಥ ದಿನಗಳನ್ನು ಮೌನ ಓದಿಗೇ ಬಿಡಿ. ಪ್ರಶ್ನೆ ಹಲಗೆಯ ಮೇಲೆ, ಉತ್ತರ ಚೀಟಿಯಲ್ಲಿ.

ಮನೆಯಲ್ಲಿ ನಾವು ಕೊಂಕಣಿ ಮಾತಾಡುತ್ತೇವೆ. ಮಗ ಮೂರನೇ ತರಗತಿ, ಕನ್ನಡ ಮಾಧ್ಯಮ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನೆ, ಒತ್ತಕ್ಷರ ಬಂದರೆ ನಿಂತೇಹೋಗುತ್ತಾನೆ. ಎಲ್ಲರೆದುರು ಓದಲು ನಾಚಿಕೆ. ಮನಸ್ಸಿನಲ್ಲೇ ಓದಲು ಬಿಡಲೇ?
— ಒಬ್ಬ ತಂದೆ, ಕಾರವಾರ

ಎಲ್ಲರೆದುರು ಓದಿಸುವುದನ್ನು ನಿಲ್ಲಿಸಿ, ಗಟ್ಟಿ ಓದನ್ನು ನಿಲ್ಲಿಸಬೇಡಿ. ಪದ ಗುರುತಿಸುವುದು ಗಟ್ಟಿಯಾಗದ ಮಗುವಿಗೆ ಮೌನ ಓದು ಎಂದರೆ ತಪ್ಪುಗಳಿಗೆ ಹೊದಿಕೆ. ‘ಕತ್ತರಿ’ಯನ್ನು ‘ಕತ್ತೆ’ ಎಂದು ಓದಿ ಮುಂದೆ ಹೋದದ್ದು ಯಾರಿಗೂ ತಿಳಿಯುವುದಿಲ್ಲ, ಅವನಿಗೂ ತಿಳಿಯುವುದಿಲ್ಲ. ಸದ್ಯಕ್ಕೆ ಅವನ ಓದು ನಿಮ್ಮ ಕಿವಿಗೆ ಬೀಳಬೇಕು. ದಿನಕ್ಕೆ ಹತ್ತು ನಿಮಿಷ, ನೀವಿಬ್ಬರೇ.

ಅವನ ಕಷ್ಟ ಸೋಮಾರಿತನದ್ದಲ್ಲ. ಕನ್ನಡದಲ್ಲಿ 49 ಅಕ್ಷರ ಎನ್ನುತ್ತೇವೆ, ಆದರೆ ಕಣ್ಣಿಗೆ ಬೀಳುವ ರೂಪಗಳು ಅಷ್ಟೇ ಅಲ್ಲ. 34 ವ್ಯಂಜನಗಳಿಗೆ 13 ಸ್ವರ, ಎರಡು ಯೋಗವಾಹ ಸೇರಿಸಿದರೆ ಕಾಗುಣಿತದಲ್ಲೇ 510 ಆಗುತ್ತವೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಕಲಿಕೆ ಇಂಗ್ಲಿಷ್ ಅಕ್ಷರಗಳಿಗಿಂತ ಬಹಳ ನಿಧಾನವಾಗಿ, ಮೊದಲ ಒಂದೆರಡು ತರಗತಿ ದಾಟಿ ಮುಂದುವರಿಯುತ್ತದೆ ಎಂದು ತೋರಿಸಿತು. ಮೂರನೇ ತರಗತಿಯಲ್ಲಿ ಒತ್ತಕ್ಷರಕ್ಕೆ ನಿಲ್ಲುವುದು ದೊಡ್ಡ ಅಚ್ಚರಿಯಲ್ಲ.

ಮೊದಲು ಯಾವ ಬಗೆಯ ತಪ್ಪು ಎಂದು ಹಿಡಿಯಿರಿ. ಸುಮಾರು 100 ಪದದ ತುಣುಕನ್ನು ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅವನು ಆಡಲು ಹೋದ ಮೇಲೆ ಕೇಳುತ್ತ ಇನ್ನೊಂದು ಪ್ರತಿಯಲ್ಲಿ ಗುರುತು ಹಾಕಿ. ಎದುರೇ ಕೆಂಪು ಪೆನ್ನು ಹಿಡಿದರೆ ಓದು ಅಲ್ಲೇ ಕುಗ್ಗುತ್ತದೆ. ತಪ್ಪು ಐದರೊಳಗಿದ್ದರೆ ಆ ಪುಸ್ತಕ ನಿಮ್ಮ ನೆರವಿನಿಂದ ಓದಲು ಸರಿ. ಹತ್ತು ದಾಟಿದರೆ ಅವನಿಗದು ಭಾರ, ಅದರ ಮೇಲೆ ಗ್ರಹಿಕೆಯ ಪ್ರಶ್ನೆ ಕೇಳುವುದೇ ಅನ್ಯಾಯ, ಹಗುರವಾದದ್ದು ಹುಡುಕಿ.

ತಪ್ಪುಗಳು ಸಾಮಾನ್ಯವಾಗಿ ಮೂರು ಗುಂಪಿಗೆ ಬೀಳುತ್ತವೆ, ಮೂರಕ್ಕೂ ಮದ್ದು ಬೇರೆ. ಒಂದು, ರೂಪದ ಗೊಂದಲ: ಮ-ಯ, ವ-ಮ, ಪ-ಷ, ಬ-ಭ, ದ-ಧ. ಗೊಂದಲದ ಎರಡನ್ನೂ ಒಟ್ಟಿಗೆ ಕಲಿಸಬೇಡಿ. ಒಂದು ಪೂರ್ತಿ ಗಟ್ಟಿಯಾದ ಮೇಲೆ ಇನ್ನೊಂದು, ಆಮೇಲೆ ಎರಡೂ ಬೆರೆತ ಪದಗಳು. ಎರಡು, ಹ್ರಸ್ವ-ದೀರ್ಘ: ‘ಕೊಡು’ ಮತ್ತು ‘ಕೋಡು’, ‘ಹಳೆ’ ಮತ್ತು ‘ಹಾಳೆ’. ಇಲ್ಲಿ ಬರಿಯ ಕಾಗುಣಿತ ಹೇಳಿಸಿದರೆ ರಾಗ ಬರುತ್ತದೆ, ಓದು ಬಾರದು. ಅರ್ಥ ಬೇರೆಯಾಗುವ ಇಂಥ ಜೋಡಿ ಪದಗಳನ್ನು ಚೀಟಿಯಲ್ಲಿ ಬರೆದು, ಒಂದನ್ನು ವಾಕ್ಯದಲ್ಲಿ ಹೇಳಿ ಸರಿಯಾದ ಚೀಟಿ ಎತ್ತಿಸಿ.

ಮೂರನೆಯದು ಒತ್ತಕ್ಷರ. ‘ಭಕ್ತಿ’ಯನ್ನು ‘ಭಕಿತ’ ಎಂದು ಓದುವ ಮಗುವನ್ನು ಬೈಯುವ ಮೊದಲು ಆ ಅಕ್ಷರವನ್ನು ನೋಡಿ: ಗುಡಿಸು ಇರುವುದು ‘ಕ’ದ ತಲೆಯ ಮೇಲೆ, ಆದರೆ ಇಕಾರ ಕೇಳುವುದು ಕೆಳಗಿನ ತ ಒತ್ತಿನ ನಂತರ. ಮಗು ಕಂಡದ್ದನ್ನು ಕಂಡಹಾಗೆ ಓದಿದೆ. ಅರ್ಕಾವತ್ತಿನದು ಇನ್ನೂ ವಿಚಿತ್ರ: ‘ಸೂರ್ಯ’ದಲ್ಲಿ ‘ರ್’ ಬಾಯಿಗೆ ಮೊದಲು ಬರುತ್ತದೆ, ಪುಟದಲ್ಲಿ ‘ಯ’ದ ಬಲಕ್ಕೆ ಕೂತಿರುತ್ತದೆ. ಅದಲ್ಲದೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಆದ್ದರಿಂದ ಸಜಾತಿ ಒತ್ತಿನಿಂದ ಶುರುಮಾಡಿ: ಅಕ್ಕ, ಅಜ್ಜ, ಕಪ್ಪೆ, ಹಬ್ಬ. ಆಮೇಲೆ ಆ ಆರು: ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಹಲ್ಲು. ವಿಜಾತಿ ಒತ್ತು ಅದರ ನಂತರ, ಅರ್ಕಾವತ್ತು ಕೊನೆಗೆ. ಪ್ರತಿ ಪದವನ್ನೂ ನಿಧಾನವಾಗಿ ಮುರಿದು ಹೇಳಿಸಿ, ‘ಭಕ್... ತಿ’, ಆಮೇಲೆ ಕೂಡಿಸಿ. ವಾರಕ್ಕೆ ಎರಡು ಒತ್ತಿಗಿಂತ ಹೆಚ್ಚು ಬೇಡ.

ಊಹಿಸುವ ಚಟಕ್ಕೆ ಮರು ಓದು ಒಳ್ಳೆಯದು. 60-80 ಪದದ ಒಂದೇ ತುಣುಕನ್ನು ಮೂರು ದಿನದಲ್ಲಿ ನಾಲ್ಕು ಸಲ ಓದಿಸಿ. ಡೇವಿಡ್ ಶೇರ್ ಎಂಬ ಸಂಶೋಧಕ 1995ರಲ್ಲಿ ಮುಂದಿಟ್ಟ ವಿಚಾರ ಇದನ್ನು ವಿವರಿಸುತ್ತದೆ: ಮಗು ತಾನೇ ಬಿಡಿಸಿ ಓದಿದ ಪ್ರತಿ ಪದವೂ ನೆನಪಿನಲ್ಲಿ ಕೂರುತ್ತದೆ, ಮುಂದಿನ ಸಲ ಕಂಡೊಡನೆ ಗುರುತಾಗುತ್ತದೆ. ಊಹೆ ಮಾಡಿದರೆ ಹಾಗೆ ಕೂರುವುದಿಲ್ಲ, ನಾವೇ ಅವಸರದಿಂದ ಹೇಳಿಕೊಟ್ಟರೂ ಇಲ್ಲ. ನಾಲ್ಕಕ್ಕಿಂತ ಹೆಚ್ಚು ಸಲ ಓದಿಸಿದರೆ ಬಾಯಿಪಾಠವಾಗುತ್ತದೆ.

ಇನ್ನು ಕೊಂಕಣಿ. ‘ಮರ’ ಎಂದು ಸರಿಯಾಗಿ ಓದಿದವನಿಗೆ ಅದು ‘ರೂಕ’ ಎಂದು ಗೊತ್ತಿರದಿದ್ದರೆ ಓದು ಅಲ್ಲೇ ನಿಂತಿತು. ಓದುವ ಮೊದಲು ತುಣುಕಿನ ನಾಲ್ಕೈದು ಹೊಸ ಪದಗಳ ಅರ್ಥವನ್ನು ಕೊಂಕಣಿಯಲ್ಲಿ ಹೇಳಿ. ಓದಿದ್ದನ್ನೂ ಅವನು ಕೊಂಕಣಿಯಲ್ಲೇ ಹೇಳಲಿ. ಕೊಂಕಣಿಯಲ್ಲಿ ಸರಿಯಾಗಿ ಹೇಳಿದರೆ ಗ್ರಹಿಕೆ ಆಗಿದೆ, ಕೊರತೆ ಇರುವುದು ಕನ್ನಡದಲ್ಲಿ ಹೇಳುವುದರಲ್ಲಿ. ಜೋಯಿಡಾದ ಕುಣಬಿ ಮಕ್ಕಳು, ಯಲ್ಲಾಪುರ-ಹಳಿಯಾಳದ ಸಿದ್ದಿ ಮಕ್ಕಳ ವಿಷಯದಲ್ಲೂ ಮಾತು ಇದೇ. ಮನೆಮಾತು ಕನ್ನಡವೇ ಆಗಿದ್ದರೂ ಶಿರಸಿಯ ಹವ್ಯಕರ ಮಗು ‘ಅವನು ಬರುತ್ತಾನೆ’ ಎಂಬುದನ್ನು ‘ಅಂವ ಬತ್ತ’ ಎಂದು ಓದಬಹುದು. ಅದು ತಪ್ಪಲ್ಲ. ಅರ್ಥವಾಗಿರದಿದ್ದರೆ ಹಾಗೆ ಬದಲಿಸಲು ಬರುತ್ತಿತ್ತೇ? ಪುಸ್ತಕದ ರೂಪ ಯಾವುದೆಂದು ಓದು ಮುಗಿದ ಮೇಲೆ ಒಮ್ಮೆ ತೋರಿಸಿದರಾಯಿತು.

ಒಂದು ನಿಮಿಷಕ್ಕೆ ಎಷ್ಟು ಪದ ಓದಬೇಕು?
— ಪಾಲಕರು, ಭಟ್ಕಳ

2021ರಲ್ಲಿ ಶುರುವಾದ, ಚಿಕ್ಕ ತರಗತಿಗಳ ಓದು-ಲೆಕ್ಕಕ್ಕೆಂದು ಕೇಂದ್ರ ಸರ್ಕಾರ ಮಾಡಿದ ‘ನಿಪುಣ್ ಭಾರತ್’ ಯೋಜನೆಯ ಗುರಿಯ ಪ್ರಕಾರ, ಅರ್ಥಮಾಡಿಕೊಂಡು, ಎರಡನೇ ತರಗತಿಯ ಕೊನೆಗೆ 45ರಿಂದ 60, ಮೂರನೆಯದರ ಕೊನೆಗೆ ಕನಿಷ್ಠ 60. ಈ ಸಂಖ್ಯೆಗೆ ಜೋತುಬೀಳಬೇಡಿ. ‘ಹೋಗಬೇಕಾಗಿದ್ದರಿಂದ’ ಎಂಬುದೂ ಒಂದು ಪದ, ‘ಆನೆ’ ಎಂಬುದೂ ಒಂದು ಪದ. ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲಿಷಿನ ಲೆಕ್ಕಗಳಂತೂ (ವಯಸ್ಕರಿಗೆ ಮೌನವಾಗಿ ಸುಮಾರು 238, ಗಟ್ಟಿಯಾಗಿ 183) ಕನ್ನಡಕ್ಕೆ ಹೊಂದುವುದೇ ಇಲ್ಲ. ಮಗುವಿನ ಈ ತಿಂಗಳ ಓದನ್ನು ಅದರದೇ ಕಳೆದ ತಿಂಗಳ ಓದಿನ ಜೊತೆ ಹೋಲಿಸಿ.

ನಾನು ಹತ್ತನೇ ತರಗತಿ. ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಗದ್ಯಾಂಶ ಓದಿ ಉತ್ತರಿಸುವ ಪ್ರಶ್ನೆಗೆ ಮೂರು ಸಲ ಓದಿದರೂ ಏನೂ ಉಳಿಯುವುದಿಲ್ಲ. ಏನು ಮಾಡಲಿ?
— ವಿದ್ಯಾರ್ಥಿನಿ, ಹೊನ್ನಾವರ

ನಿನ್ನ ಅನುಭವಕ್ಕೆ ಆಧಾರ ಇದೆ, ತಂಗಿ. ಗಟ್ಟಿಯಾಗಿ ಹೇಳಿದ ಪದ ಮೌನವಾಗಿ ಓದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಎಂದು ಮೆಕ್ಲಿಯಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಆದರೆ ಅದರೊಳಗೊಂದು ಸೂಕ್ಷ್ಮ ಇದೆ. ಸುತ್ತಲಿನದನ್ನು ಮೌನವಾಗಿ ಓದಿ ಕೆಲವನ್ನು ಮಾತ್ರ ಗಟ್ಟಿಯಾಗಿ ಹೇಳಿದಾಗ ಆ ಕೆಲವು ಎದ್ದು ನಿಲ್ಲುತ್ತವೆ. ಇಡೀ ಪುಸ್ತಕವನ್ನು ಕೂಗಿದರೆ ಯಾವುದೂ ಎದ್ದು ಕಾಣುವುದಿಲ್ಲ, ಗಂಟಲು ಮಾತ್ರ ಕಟ್ಟುತ್ತದೆ. ವ್ಯಾಖ್ಯೆ, ಸೂತ್ರ, ಇಸವಿ, ಕಂಠಪಾಠದ ಪದ್ಯ ಇವನ್ನು ಗಟ್ಟಿಯಾಗಿ ಓದು. ವಿವರಣೆಯನ್ನು ಮೌನವಾಗಿ ಓದು. ಅದೂ ಅಲ್ಲದೆ ಆ ಪ್ರಯೋಗಗಳು ಹೇಳುವುದು ನೆನಪಿನ ಮಾತು, ಅರ್ಥವಾಗುವ ಮಾತಲ್ಲ.

ಮೌನ ಓದಿಗೆ ಒಗ್ಗಿಕೊಳ್ಳಲು ನಾಲ್ಕು ವಾರ ಇಟ್ಟುಕೋ, ದಿನಕ್ಕೆ 20 ನಿಮಿಷ. ಮೊದಲ ವಾರ ಪಿಸುದನಿ. ಎರಡನೇ ವಾರ ದನಿಯಿಲ್ಲದೆ ತುಟಿ ಮಾತ್ರ. ಮೂರನೇ ವಾರ ತುಟಿ ಮುಚ್ಚಿ, ಬೆರಳು ಸಾಲಿನ ಮೇಲೆ. ನಾಲ್ಕನೇ ವಾರ ಬೆರಳೂ ಬೇಡ. ಪ್ರತಿ ಪರಿಚ್ಛೇದ ಮುಗಿದಾಗ ಪುಸ್ತಕ ಮಗುಚಿಟ್ಟು ಎರಡು ವಾಕ್ಯದಲ್ಲಿ ಹೇಳಿಕೋ. ಹೇಳಲಾಗದಿದ್ದರೆ ಆ ಪರಿಚ್ಛೇದ ಮಾತ್ರ ಮತ್ತೆ ಓದು, ಇಡೀ ಪಾಠವನ್ನಲ್ಲ. ಮೂರು ಸಲ ಓದಿದರೂ ಉಳಿಯದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಇಷ್ಟೇ: ಎಲ್ಲೂ ನಿಲ್ಲದೆ ಮೂರು ಸಲ ಜಾರಿಹೋಗಿರುತ್ತೀ. ತಲೆಯೊಳಗೆ ದನಿ ಕೇಳಿಸಿದರೆ ಅದನ್ನು ಅದುಮಬೇಡ. ಕಠಿಣ ವಾಕ್ಯ ಬಂದಾಗ ದೊಡ್ಡವರಿಗೂ ಆ ಒಳದನಿ ಬರುತ್ತದೆ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಅದರಲ್ಲಿ ಮೂರು ನಿಮಿಷ ಗದ್ಯಾಂಶಕ್ಕಿಡು. ಮೊದಲು ಅದರ ಪ್ರಶ್ನೆಗಳ ಮೇಲೆ ಕಣ್ಣಾಡಿಸು, ಆಮೇಲೆ ಗದ್ಯವನ್ನು ಒಮ್ಮೆ ಪೂರ್ತಿ ಓದು. ಪ್ರಶ್ನೆಯ ಪದ ಹುಡುಕುತ್ತ ಗದ್ಯದೊಳಗೆ ನುಗ್ಗಿದರೆ ಸಿಗುವುದು ಪಕ್ಕದ ವಾಕ್ಯ, ಉತ್ತರವಲ್ಲ.

ನಮ್ಮ ಕಾಲದಲ್ಲಿ ಎರಡನೇ ಇಯತ್ತೆಯಿಂದಲೇ ಇಡೀ ವರ್ಗ ಒಕ್ಕೊರಲಿನಿಂದ ಓದುತ್ತಿತ್ತು. ಹಾಗೆ ಓದಿಯೇ ಮುಲ್ಕಿ ಪರೀಕ್ಷೆ ಪಾಸಾದೆವು. ಈಗ ಮೊಮ್ಮಕ್ಕಳ ಶಾಲೆಯಲ್ಲಿ ‘ಮೌನ ಓದು’ ಅಂತೆ. ಮಾಸ್ತರರಿಗೆ ಆರಾಮ ಆಗಲಿಕ್ಕೆ ಮಾಡಿದ್ದೋ ಹೇಗೆ?
— ಓರ್ವ ಹಿರಿಯರು, ಸಿದ್ದಾಪುರ

ಹಿರಿಯರೇ, ಪ್ರಶ್ನೆ ಕೊಡದೆ ಮೌನ ಓದು ಹೇಳಿ ಹಾಜರಿ ಪುಸ್ತಕ ತುಂಬಿಸುವವರಿದ್ದರೆ ನಿಮ್ಮ ಅನುಮಾನ ಸರಿಯೇ. ಒಕ್ಕೊರಲಿನ ಓದಿನ ಗುಣ ದೊಡ್ಡದು. ಹಿಂಜರಿಯುವ ಮಗುವಿಗೆ ಅಲ್ಲಿ ಮರೆ ಸಿಗುತ್ತದೆ, ಪದ್ಯದ ಲಯ ಮೈಗೆ ಹತ್ತುತ್ತದೆ. ಷಟ್ಪದಿಯನ್ನು ಮೌನವಾಗಿ ಓದಿ ಅರ್ಥಮಾಡಿಕೊಳ್ಳುವುದೇ ಕಷ್ಟ. ಸಂಧಿಯಲ್ಲಿ ಪದಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ದನಿ ಎತ್ತಿ ಓದಿದಾಗ ಬಿಡಿಸುವ ಜಾಗ ಕಿವಿಗೆ ಸಿಗುತ್ತದೆ. ಪದ್ಯಕ್ಕೆ ಇಂದಿಗೂ ಮೊದಲು ಗಟ್ಟಿ ಓದು, ಆಮೇಲೆ ಪದ ಬಿಡಿಸುವುದು, ಆಮೇಲೆ ಅರ್ಥ. ಗದ್ಯಕ್ಕೆ ಮಾತ್ರ ಈ ಕ್ರಮ ಬೇಡ.

ಒಕ್ಕೊರಲಿನ ದೋಷವೆಂದರೆ ಓದುವವರು ಯಾರು, ದನಿ ಸೇರಿಸುವವರು ಯಾರು ತಿಳಿಯುವುದಿಲ್ಲ. ಮೊಮ್ಮಕ್ಕಳ ಮೇಲೆ ಪರೀಕ್ಷಿಸಬಹುದು. ಸರಾಗವಾಗಿ ‘ಓದುವ’ ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಅದನ್ನಷ್ಟೇ ಓದಿಸಿ. ಅಥವಾ ಒಂದು ಸಾಲನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿಸಿ. ಬಾಯಿಪಾಠದ ಮಗು ಸಾಲಿನ ಮೊದಲಿಗೆ ಓಡಿಹೋಗಿ ಅಲ್ಲಿಂದ ಗುನುಗುತ್ತ ಬರುತ್ತದೆ. ಗೋಕರ್ಣದಲ್ಲಿ ವೇದವನ್ನು ಪದ, ಕ್ರಮ, ಜಟೆ, ಘನ ಎಂದು ಪದಗಳನ್ನು ಬಿಡಿಸಿ, ಹಿಂದುಮುಂದು ಮಾಡಿ ಹೇಳುವ ಕಟ್ಟುನಿಟ್ಟು ನಿಮಗೆ ತಿಳಿದದ್ದೇ. ಅಲ್ಲಿ ಗುರಿ ಶಬ್ದ ಒಂದಕ್ಷರ ಕೆಡದೆ ಉಳಿಯುವುದು, ಮತ್ತು ಅದು ಉಳಿದಿದೆ. ಪಾಠಪುಸ್ತಕದ ಗುರಿ ಅದಲ್ಲ.

ನಿಮ್ಮಿಂದ ಒಂದು ಕೆಲಸ ಆಗಬಹುದು. ತಾಳಮದ್ದಳೆಯಲ್ಲಿ ಅರ್ಥ ಹೇಳುವಂತೆ, ಮೊಮ್ಮಗ ಒಂದು ಪರಿಚ್ಛೇದ ಓದಿದ ಮೇಲೆ ಅವನಿಂದ ಸ್ವಂತ ಮಾತಿನಲ್ಲಿ ಅರ್ಥ ಹೇಳಿಸಿ, ನೀವು ಎದುರು ಪಾತ್ರಧಾರಿಯಾಗಿ ಪ್ರಶ್ನೆ ಹಾಕಿ.

ಗ್ರಂಥಾಲಯದ ಅವಧಿಯಲ್ಲಿ ಅರ್ಧ ಗಂಟೆ ಮೌನ ಓದು ಇಟ್ಟಿದ್ದೇವೆ. ಒಂದರಿಂದ ಐದರವರೆಗೆ 17 ಮಕ್ಕಳು, ಶಿಕ್ಷಕ ನಾನೊಬ್ಬನೇ. ಪುಟ ತಿರುವುತ್ತಾರೆ, ಓದುವುದಿಲ್ಲ. ತುಟಿ ಆಡಿಸಬೇಡಿ ಎಂದರೂ ಆಡಿಸುತ್ತಾರೆ.
— ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ, ಜೋಯಿಡಾ

ಅರ್ಧ ಗಂಟೆ ಹೆಚ್ಚಾಯಿತು. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದ ವರದಿಯಲ್ಲಿ, ಮಾರ್ಗದರ್ಶನದಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸುವುದರಿಂದ ಪದ ಗುರುತಿಸುವಿಕೆ, ಓಘ, ಗ್ರಹಿಕೆ ಮೂರೂ ಸುಧಾರಿಸುತ್ತವೆ ಎಂದಿತು; ಮಕ್ಕಳನ್ನು ಸುಮ್ಮನೆ ಮೌನ ಓದಿಗೆ ಬಿಡುವುದರಿಂದ ಹಾಗಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ ಎಂದಿತು. ಮೌನ ಓದು ಕೆಟ್ಟದ್ದೆಂದು ಅದು ಹೇಳಲಿಲ್ಲ. ಆದರೆ ಓದು ಇನ್ನೂ ಬಾರದ ಮಗುವಿನ ಕೈಗೆ ಪುಸ್ತಕ ಕೊಟ್ಟು ಸುಮ್ಮನೆ ಕೂರಿಸಿದರೆ ಓದು ತಾನಾಗಿ ಬಾರದು.

ಒಂದು, ಎರಡನೆಯವರಿಗೆ ಮೌನ ಓದು ಬೇಡವೇ ಬೇಡ. ಅವರಿಗೆ ನಾಲ್ಕು, ಐದನೆಯವರು ಚಿತ್ರಪುಸ್ತಕ ಓದಿ ಹೇಳಲಿ. ದೊಡ್ಡವರಿಗೂ ಅದು ಗಟ್ಟಿ ಓದಿನ ಅಭ್ಯಾಸ, ಮತ್ತು ಚಿಕ್ಕವರ ಮುಂದೆ ಯಾರಿಗೂ ನಾಚಿಕೆಯಿಲ್ಲ. ಮೂರನೆಯವರಿಗೆ ಎಂಟು ನಿಮಿಷದಿಂದ ಶುರುಮಾಡಿ, ತಿಂಗಳಿಗೆ ಎರಡು ನಿಮಿಷ ಏರಿಸಿ. ಪುಸ್ತಕ ಆರಿಸುವಾಗ ಯಾವುದಾದರೂ ಒಂದು ಪುಟ ಓದಿ, ಬಾರದ ಪದಕ್ಕೊಂದು ಬೆರಳು ಮಡಿಸಲಿ. ಐದೂ ಮಡಿಸಿದರೆ ಅದನ್ನು ಕಪಾಟಿಗೆ ವಾಪಸ್ ಇಟ್ಟು ಬೇರೆಯದು ತರಲಿ. ಅವರು ಓದುತ್ತಿರುವಾಗ ನೀವು ದಿನಕ್ಕೆ ಇಬ್ಬರ ಪಕ್ಕ ಕೂತು, ಓದುತ್ತಿರುವ ಜಾಗದಿಂದಲೇ ನಾಲ್ಕು ಸಾಲು ಪಿಸುದನಿಯಲ್ಲಿ ಓದಿಸಿ, ಒಂದು ಪ್ರಶ್ನೆ ಕೇಳಿ, ದಿನಾಂಕದ ಎದುರು ಬರೆದಿಟ್ಟುಕೊಳ್ಳಿ. ಮೂರರಿಂದ ಐದರವರೆಗಿನ ಎಲ್ಲರೂ ಒಂದು ವಾರದಲ್ಲಿ ಬಂದುಹೋಗುತ್ತಾರೆ. ಮೂರು ವಾರ ಕಳೆದರೂ ಪುಟ ಮಾತ್ರ ತಿರುವುವ ಮಗುವಿದ್ದರೆ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ; ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಾನೆಯೇ ನೋಡಿ.

ತುಟಿ ಆಡಿದರೆ ಆಡಲಿ. ಅದು ಗಟ್ಟಿ ಓದಿನಿಂದ ಮೌನ ಓದಿಗೆ ಹೋಗುವ ದಾರಿಯ ನಡುವಿನ ಹಂತ. ಪದಗಳು ಕಂಡೊಡನೆ ಗುರುತಾಗುವ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಅದಕ್ಕೆ ಮೊದಲೇ ನಿಲ್ಲಿಸಿದರೆ ತುಟಿಯ ಜೊತೆ ಓದೂ ನಿಲ್ಲುತ್ತದೆ.